ಪುನರ್ವಸು ಮಳೆ, ಏಳದ ಲ್ಯಾಪ್‌ಟಾಪ್

ಆಷಾಢದ ಗಾಳಿ ಎದ್ದಿತೆಂದರೆ ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ಕರೆಂಟಿನ ತಂತಿಗಳಿಗೆ ನೆಮ್ಮದಿಯಿಲ್ಲ. ಅವು ಹಾದುಹೋಗುವುದೇ ಕಾಡು, ಗುಡ್ಡ, ಅಡಿಕೆ ತೋಟಗಳ ನಡುವೆ. ನೆನೆದು ಭಾರವಾದ ಒಂದು ಕೊಂಬೆ ಒರಗಿದರೂ ಸಾಕು, ನಾಲ್ಕು ಹಳ್ಳಿ ಕತ್ತಲಾಗುತ್ತವೆ. ಕರೆಂಟು ಒಮ್ಮೆಗೇ ಹೋಗುವುದೂ ಇಲ್ಲ. ಬಲ್ಬು ಕೆಂಪಗೆ ಇಳಿಯುತ್ತದೆ, ತಟ್ಟನೆ ಬೆಳಗುತ್ತದೆ, ಮತ್ತೆ ಇಳಿಯುತ್ತದೆ, ಆಮೇಲೆ ಆರುತ್ತದೆ. ಬರುವಾಗಲೂ ಅದೇ ಆಟ. ಕಪ್ಪೆಗಳಿಗೆ ಇದು ವರ್ಷದ ಒಳ್ಳೆಯ ಕಾಲ, ಯಂತ್ರಗಳಿಗೆ ಕೆಟ್ಟ ಕಾಲ.

ಇದು ಅಂಥದೊಂದು ಪುನರ್ವಸು ಮಳೆಯಲ್ಲಿ ನಿಂತುಹೋದ ಲ್ಯಾಪ್‌ಟಾಪಿನ ಟಿಪ್ಪಣಿ. ಅದರ ಒಡೆಯರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಳೆಗಾಲದ ರಾತ್ರಿಗಳಲ್ಲಿ ತೋಟದ ಹಳ್ಳದ ಬದಿಯಲ್ಲಿ ಕೂತು ಕಪ್ಪೆಗಳ ಕೂಗು ದಾಖಲಿಸುವುದು ಅವರ ಬಹುಕಾಲದ ಹವ್ಯಾಸ. ಪಶ್ಚಿಮ ಘಟ್ಟದ ಕಪ್ಪೆಗಳ ವಿಷಯದಲ್ಲಿ ಇದು ಸಣ್ಣ ಕೆಲಸವಲ್ಲ. ಮೊಟ್ಟೆಗಳಿಗೆ ಗಂಡು ಮಣ್ಣು ಮೆತ್ತುವ ಕುಂಬಾರ ಕಪ್ಪೆಯನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು ವಿವರಿಸಿದ್ದು 2014ರಲ್ಲಿ. ರಾತ್ರಿ ಹಳ್ಳದ ಬದಿಯಲ್ಲಿ ತಾಳ್ಮೆಯಿಂದ ಕೂತವರಿಗಷ್ಟೇ ಅಂಥದ್ದು ಸಿಗುತ್ತದೆ. ಮೇಷ್ಟ್ರ ಧ್ವನಿಮುದ್ರಣಗಳೆಲ್ಲ ಇದ್ದದ್ದು ಈ ಒಂದೇ ಲ್ಯಾಪ್‌ಟಾಪಿನಲ್ಲಿ. ಪೇಟೆಯ ಅಂಗಡಿಯೊಂದರಲ್ಲಿ ತೋರಿಸಿದಾಗ ಮುಚ್ಚಳ ತೆರೆದು ನೋಡಿ, "ಫಾರ್ಮ್ಯಾಟ್ ಹೊಡೀಬೇಕು" ಎಂದಿದ್ದರಂತೆ. ಮೇಷ್ಟ್ರು ಅದನ್ನು ಕಂಕುಳಲ್ಲಿ ಅವಚಿಕೊಂಡು ಮನೆಗೆ ವಾಪಸು ತಂದಿದ್ದರು.

ನೆಲೆ

ನಾನು ನೋಡಲು ಹೋದಾಗ ಅದು ಇದ್ದದ್ದು ಮೇಷ್ಟ್ರ ಮನೆಯ ಜಗಲಿಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ. ಗೋಡೆಯಲ್ಲಿ ತೇವ ಏರಿದೆ. ಲ್ಯಾಪ್‌ಟಾಪಿನ ಗಾಳಿಕಿಂಡಿಯಲ್ಲಿ ದೂಳು, ಒಂದು ಸತ್ತ ಇರುವೆ. ಬೆಚ್ಚಗಿನ ಯಂತ್ರದೊಳಗೆ ಇರುವೆಗಳು ಸಂಸಾರ ಹೂಡುವುದು, ಸ್ವಿಚ್ ಬೋರ್ಡಿನಲ್ಲಿ ಹಲ್ಲಿ ಮೊಟ್ಟೆಯಿಡುವುದು ಇಲ್ಲಿ ಹೊಸದಲ್ಲ. ಹಾಗಾಗಿ ಮೊದಲು ಟಾರ್ಚ್ ಹಿಡಿದು ಅದನ್ನೇ ನೋಡಿದೆ. ಗೂಡಿಲ್ಲ, ಮೊಟ್ಟೆಯಿಲ್ಲ, ಲೋಹದ ಮೇಲೆ ಹಸಿರು ಕಿಲುಬಿಲ್ಲ. ಚಾರ್ಜರಿನ ವೈರು ಕಿತ್ತರೆ ಯಂತ್ರ ಮರುಕ್ಷಣವೇ ಆರುತ್ತದೆ, ಬ್ಯಾಟರಿ ಹೆಸರಿಗಷ್ಟೇ ಇದೆ. ಇದನ್ನೂ ಬರೆದುಕೊಂಡೆ.

"ರಾತ್ರಿ ಅಪ್‌ಡೇಟ್ ಆಗ್ತಾ ಇತ್ತು ಮಾರಾಯ್ರೆ. ಬಂದ್ ಮಾಡ್ಬೇಡಿ ಅಂತ ತೋರಿಸ್ತಿತ್ತು, ನಾನು ಮಾಡ್ಲಿಲ್ಲ. ಕರೆಂಟೇ ಮಾಡ್ತು" ಎಂದರು ಮೇಷ್ಟ್ರು.

ಕಂಡದ್ದು

ಗುಂಡಿ ಒತ್ತಿ ಕೈ ಹಿಂದಕ್ಕೆ ತೆಗೆದುಕೊಂಡೆ. ಈ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಒಂದೇ: ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು.

ಲ್ಯಾಪ್‌ಟಾಪ್ ಏಳುವುದು ಹಂತಹಂತವಾಗಿ. ಮೊದಲು ಎಚ್ಚರಾಗುವುದು ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿ ಕೂತಿರುವ ಫರ್ಮ್‌ವೇರ್. ಅದು ಪ್ರೊಸೆಸರ್, ರ್‍ಯಾಮ್, ಕೀಲಿಮಣೆಗಳನ್ನು ಮುಟ್ಟಿ ನೋಡುತ್ತದೆ. ನಂತರ ಡಿಸ್ಕಿನ ಮೂಲೆಯಲ್ಲಿರುವ ಸಣ್ಣದೊಂದು ಪಾರ್ಟಿಷನ್ನಿಗೆ ಹೋಗುತ್ತದೆ. ಸಾಮಾನ್ಯವಾಗಿ 100 ಎಂಬಿಯಷ್ಟಿರುವ ಈ ಜಾಗದಲ್ಲಿ ಬೂಟ್ ಮ್ಯಾನೇಜರ್ ಇರುತ್ತದೆ, ವಿಂಡೋಸ್ ಯಾವ ಪಾರ್ಟಿಷನ್ನಿನಲ್ಲಿದೆ ಎಂಬ ವಿಳಾಸವೂ ಇರುತ್ತದೆ. ಅಲ್ಲಿಂದ ಮುಂದೆ ಲೋಡರ್ ಎದ್ದು ವಿಂಡೋಸಿನ ತಿರುಳಾದ ಕರ್ನೆಲ್ಲನ್ನು, ಸೆಟ್ಟಿಂಗ್‌ಗಳ ದಾಖಲೆಯಾದ ರಿಜಿಸ್ಟ್ರಿಯ ಒಂದು ಭಾಗವನ್ನು, ಆರಂಭಕ್ಕೆ ಬೇಕೇ ಬೇಕಾದ ಡ್ರೈವರ್‌ಗಳನ್ನು ರ್‍ಯಾಮಿಗೆ ತರುತ್ತದೆ. ಆಮೇಲಷ್ಟೇ ಲಾಗಿನ್ ಪರದೆ.

ಯಾವ ಹಂತದಲ್ಲಿ ನಿಂತಿತು ಎಂಬುದರಲ್ಲೇ ಅರ್ಧ ಉತ್ತರವಿದೆ. ದೀಪವೇ ಹತ್ತದಿದ್ದರೆ ಅದು ಕರೆಂಟಿನ ಅಥವಾ ಬೋರ್ಡಿನ ವಿಷಯ, ಫೈಲುಗಳ ವಿಷಯವಲ್ಲ. ಬೂಟ್ ಮಾಡಲು ಏನೂ ಸಿಗಲಿಲ್ಲ ಎಂದು ಕಪ್ಪು ಪರದೆಯಲ್ಲಿ ಬಂದರೆ ಡಿಸ್ಕ್ ಕಾಣುತ್ತಿಲ್ಲ, ಇಲ್ಲವೇ ಆ ಸಣ್ಣ ಪಾರ್ಟಿಷನ್ ಕೆಟ್ಟಿದೆ. ಕಂಪನಿಯ ಲಾಂಛನ ಬಂದು, ಕೆಳಗೆ ಚುಕ್ಕೆಗಳು ಸುತ್ತಿ, ಆಮೇಲೆ ಬಿದ್ದರೆ ಕರ್ನೆಲ್ ಮತ್ತು ಡ್ರೈವರ್‌ಗಳ ಮಟ್ಟದಲ್ಲಿ ತೊಂದರೆ. ಲಾಗಿನ್ ಪರದೆಯವರೆಗೆ ಬಂದರೆ ಬುನಾದಿ ಗಟ್ಟಿಯಿದೆ, ಕೆಟ್ಟಿರುವುದು ಮೇಲಿನದು.

ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿ ಲಾಂಛನ ಬಂತು, ಚುಕ್ಕೆಗಳು ಸುತ್ತಿದವು, ಫ್ಯಾನಿನ ಸದ್ದು ಏರಿತು, ಪರದೆ ಕಪ್ಪಾಯಿತು. ಮತ್ತೆ ಲಾಂಛನ. ಹೀಗೆ ಬಿದ್ದೆದ್ದು ಕೊನೆಗೆ 'ಪ್ರಿಪೇರಿಂಗ್ ಆಟೊಮ್ಯಾಟಿಕ್ ರಿಪೇರ್' ಎಂಬ ಸಾಲು. ಇದು ಯಂತ್ರದ ಸಹಜ ನಡವಳಿಕೆ. ಸತತ ಎರಡು ಸಲ ಏಳಲಾಗದಿದ್ದರೆ ಮುಂದಿನ ಸಲ ವಿಂಡೋಸ್ ತನ್ನ ಚೇತರಿಕೆಯ ಕೋಣೆಗೆ ಹೋಗುತ್ತದೆ. ಅದು ಡಿಸ್ಕಿನ ಇನ್ನೊಂದು ಪಾರ್ಟಿಷನ್ನಿನಲ್ಲಿರುವ ಪುಟ್ಟ ವಿಂಡೋಸ್. ಪೂರ್ತಿಯಾಗಿ ರ್‍ಯಾಮಿನೊಳಗೆ ಬಿಚ್ಚಿಕೊಂಡು ಕೆಲಸ ಮಾಡುವುದರಿಂದ ದೊಡ್ಡ ವಿಂಡೋಸ್ ಮಲಗಿದ್ದರೂ ಇದು ಏಳುತ್ತದೆ. ಸ್ವಲ್ಪ ಹೊತ್ತು ಪರೀಕ್ಷೆ ನಡೆದು, ತನ್ನಿಂದಾಗದು ಎಂಬ ನೀಲಿ ಪರದೆ ಬಂತು. ಅದರ ಕೆಳಗೆ ಒಂದು ಲಾಗ್ ಫೈಲಿನ ವಿಳಾಸ. ಹೆಚ್ಚಿನವರು ಈ ಸಾಲನ್ನು ಓದುವುದೇ ಇಲ್ಲ, ನೇರ 'ರೀಸೆಟ್' ಗುಂಡಿಗೆ ಕೈ ಹಾಕುತ್ತಾರೆ.

ಕುರುಹು

ಚೇತರಿಕೆಯ ಕೋಣೆಯಲ್ಲಿ 'ಟ್ರಬಲ್‌ಶೂಟ್' ಒಳಗೆ, ಅದರೊಳಗಿನ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಕಮಾಂಡ್ ಪ್ರಾಂಪ್ಟ್ ಇದೆ. ಕಪ್ಪು ಕಿಟಕಿಯಲ್ಲಿ 'ನೋಟ್‌ಪ್ಯಾಡ್' ಎಂದು ಟೈಪ್ ಮಾಡಿದರೆ ನೋಟ್‌ಪ್ಯಾಡ್ ನಿಜಕ್ಕೂ ತೆರೆಯುತ್ತದೆ. ಅದರ 'ಓಪನ್' ಕಿಟಕಿಯಲ್ಲಿ ಡಿಸ್ಕಿನ ಫೋಲ್ಡರ್‌ಗಳನ್ನೆಲ್ಲ ಓಡಾಡಿ ನೋಡಬಹುದು. ಇಲ್ಲಿ ಗಮನಿಸಬೇಕಾದದ್ದೊಂದಿದೆ. ಡ್ರೈವ್‌ಗಳ ಅಕ್ಷರಗಳು ಈ ಕೋಣೆಯಲ್ಲಿ ಮಾಮೂಲಿನಂತಿರಬೇಕೆಂದಿಲ್ಲ. ನಿತ್ಯ 'ಸಿ' ಆಗಿದ್ದದ್ದು ಇಲ್ಲಿ 'ಡಿ' ಆಗಿರಬಹುದು. 'ಎಕ್ಸ್' ಎಂಬುದು ಆ ಪುಟ್ಟ ವಿಂಡೋಸ್ ತಾನೇ ಕೂತ ಜಾಗ. ಯಾವುದರಲ್ಲಿ ವಿಂಡೋಸ್ ಮತ್ತು ಯೂಸರ್ಸ್ ಫೋಲ್ಡರ್‌ಗಳಿವೆ ಎಂದು ಕಣ್ಣಾರೆ ಕಂಡ ಮೇಲೇ ಮುಂದಿನ ಹೆಜ್ಜೆ.

ಲಾಗ್ ಫೈಲಿನಲ್ಲಿ ಪರೀಕ್ಷೆಗಳ ಉದ್ದ ಪಟ್ಟಿ. ಡಿಸ್ಕ್ ಪರೀಕ್ಷೆ, ಸರಿ. ಪಾರ್ಟಿಷನ್ ಪಟ್ಟಿ, ಸರಿ. ಬೂಟ್ ಮ್ಯಾನೇಜರ್, ಸರಿ. ಹೀಗೆ ಇಳಿಯುತ್ತ ಹೋದರೆ ಕೊನೆಯಲ್ಲಿ, ಆರಂಭಕ್ಕೆ ಅಗತ್ಯವಾದ ಡ್ರೈವರ್ ಫೈಲೊಂದು ಕೆಟ್ಟಿದೆ ಎಂಬ ಸಾಲು, ಆ ಫೈಲಿನ ಹೆಸರು. ಕಣ್ಣಿಗೆ ಕಂಡದ್ದಕ್ಕೂ ಇದಕ್ಕೂ ತಾಳೆಯಾಯಿತು.

ಫೋಲ್ಡರಿನಲ್ಲಿ ಆ ಫೈಲನ್ನು ನೋಡಿದರೆ ಹೆಸರು ಸರಿಯಿದೆ, ತಾರೀಖು ಸರಿಯಿದೆ, ಗಾತ್ರವೂ ಅನುಮಾನ ಹುಟ್ಟಿಸುವಂತಿಲ್ಲ. ಇದು ವಿಚಿತ್ರವೆನಿಸಿದರೂ ಕಾರಣವಿದೆ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ 1993ರಲ್ಲಿ ವಿಂಡೋಸ್ ಎನ್‌ಟಿಯ ಜೊತೆ ಬಂದದ್ದು. ಅದು ತಾನು ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಳ್ಳುತ್ತದೆ. ನಡುವೆ ಕರೆಂಟು ಹೋದರೆ, ಮತ್ತೆ ಎದ್ದಾಗ ದಿನಚರಿ ನೋಡಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಆದರೆ ದಿನಚರಿಯಲ್ಲಿರುವುದು ಫೈಲಿನ ಹೆಸರು, ಜಾಗ, ಗಾತ್ರಗಳ ವಿವರ ಮಾತ್ರ, ಫೈಲಿನ ಒಳಗಿನದಲ್ಲ. ಒಳಗಿನದು ಇನ್ನೂ ರ್‍ಯಾಮಿನಲ್ಲಿದ್ದು ಡಿಸ್ಕಿಗೆ ಇಳಿಯುವ ಮೊದಲೇ ಕರೆಂಟು ಹೋದರೆ, ಹೆಸರು ಉಳಿಯುತ್ತದೆ, ಒಳಗೆ ಬರೀ ಸೊನ್ನೆಗಳು ಇರಬಹುದು.

ಇಷ್ಟು ದೊಡ್ಡ ವ್ಯವಸ್ಥೆ ಒಂದು ಫೈಲಿಗೆ ಬೀಳುತ್ತದೆಯೇ ಎಂದರೆ, ಬೀಳುತ್ತದೆ. ಕರ್ನೆಲ್ಲಿನ ಮಟ್ಟದಲ್ಲಿ ಓಡುವ ಡ್ರೈವರ್ ತಪ್ಪಿದರೆ ಅದನ್ನು ಬದಿಗಿಟ್ಟು ಮುಂದೆ ಹೋಗುವ ದಾರಿ ವಿಂಡೋಸಿಗಿಲ್ಲ, ತಾನೇ ನಿಲ್ಲುತ್ತದೆ. 2024ರ ಜುಲೈ 19ರಂದು ಜಗತ್ತು ಇದನ್ನು ಒಟ್ಟಿಗೆ ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿ ನಮ್ಮ ಗಡಿಯಾರದ ಪ್ರಕಾರ ಬೆಳಗ್ಗೆ 9:39ಕ್ಕೆ ಬಿಟ್ಟ ದೋಷವುಳ್ಳ ಫೈಲೊಂದು, 10:57ಕ್ಕೆ ಅದನ್ನು ಸರಿಪಡಿಸುವಷ್ಟರಲ್ಲಿ ಲಕ್ಷಾಂತರ ಯಂತ್ರಗಳಿಗೆ ಇಳಿದಿತ್ತು. ಮೈಕ್ರೋಸಾಫ್ಟ್ ಅಂದಾಜಿನಂತೆ ನೆಲ ಕಚ್ಚಿದ ವಿಂಡೋಸ್ ಯಂತ್ರಗಳು ಸುಮಾರು 85 ಲಕ್ಷ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಅಲ್ಲಿ ಫೈಲು ಕೆಟ್ಟದ್ದು ಕರೆಂಟಿನಿಂದಲ್ಲ, ಆದರೆ ಬಿದ್ದ ಬಗೆ ಇದೇ. ಮದ್ದೂ ಹೀಗೆಯೇ ಇತ್ತು: ಬಹುಪಾಲು ಯಂತ್ರಗಳ ಮುಂದೆ ಒಬ್ಬೊಬ್ಬರು ಕೂತು, ಸೇಫ್ ಮೋಡಿಗೆ ಹೋಗಿ, ಆ ಒಂದು ಫೈಲನ್ನು ಅಳಿಸುವುದು.

ಮೊದಲು ಪ್ರತಿ

ಕಾರಣ ಸಿಕ್ಕಿತೆಂದು ದುರಸ್ತಿಗೆ ಇಳಿಯಲಿಲ್ಲ. ಕಾಡಿನಲ್ಲಿ ಹೆಜ್ಜೆಗುರುತು ಕಂಡರೆ ಮೊದಲು ಫೋಟೋ ತೆಗೆಯುತ್ತೇವೆ, ಆಮೇಲೆ ಅದರ ಹತ್ತಿರ ನಡೆಯುತ್ತೇವೆ. ಇಲ್ಲೂ ಮೊದಲು ಉಳಿಯಬೇಕಾದದ್ದು ಕಪ್ಪೆಗಳ ಕೂಗು.

ಇನ್ನೊಂದು ಕಂಪ್ಯೂಟರಿನಲ್ಲಿ, ವಿಂಡೋಸಿಗೆ ಬದಲಾಗಿ ಓಡುವ ಉಬುಂಟು ವ್ಯವಸ್ಥೆಯ ಪೆನ್‌ಡ್ರೈವ್ ಸಿದ್ಧಮಾಡಿ, ಏನನ್ನೂ ಇನ್‌ಸ್ಟಾಲ್ ಮಾಡದೆ ಅದರಿಂದಲೇ ಲ್ಯಾಪ್‌ಟಾಪ್ ಎಬ್ಬಿಸಿದೆ. ಯಂತ್ರ ಸಲೀಸಾಗಿ ಎದ್ದಿತು. ಇದೇ ಒಂದು ಸಾಕ್ಷಿ: ಪರದೆ, ಕೀಲಿಮಣೆ, ಬೋರ್ಡು ಚೆನ್ನಾಗಿವೆ. ನಂತರ ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳುವ ಆರೋಗ್ಯದ ದಾಖಲೆಯನ್ನು ಓದಿದೆ. ಎಸ್‌ಎಸ್‌ಡಿಯಲ್ಲಿ ಓದಲಾಗದ ದೋಷಗಳು ಸೊನ್ನೆ, ಸವೆತ ಅಲ್ಪ. ಆದರೆ 'ಅನ್‌ಸೇಫ್ ಶಟ್‌ಡೌನ್ಸ್' ಎಂಬ ಸಾಲಿನಲ್ಲಿ, ಅಂದರೆ ಹೇಳದೆ ಕೇಳದೆ ಕರೆಂಟು ಕಡಿದುಹೋದ ಲೆಕ್ಕದಲ್ಲಿ, ಮನೆಯ ಯಂತ್ರವೊಂದಕ್ಕೆ ಹೊಂದದ ದೊಡ್ಡ ಅಂಕಿ. ಅದನ್ನೂ ಬರೆದುಕೊಂಡೆ.

ಡಿಸ್ಕ್ ಸವೆದಿದ್ದರೆ ದಾರಿ ಬೇರೆಯಾಗುತ್ತಿತ್ತು. ಆಗ ಫೈಲುಗಳನ್ನು ಒಂದೊಂದಾಗಿ ಎಳೆಯದೆ, ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನದಿಂದ ಇಡೀ ಡಿಸ್ಕಿನ ಪಡಿಯಚ್ಚು ತೆಗೆಯಬೇಕು. ಅದು ಸುಲಭವಾಗಿ ಓದಲು ಸಿಗುವ ಭಾಗವನ್ನು ಮೊದಲು ಓದಿ, ಕಷ್ಟದ ಭಾಗಕ್ಕೆ ಕೊನೆಗೆ ಬರುತ್ತದೆ. ಇಲ್ಲಿ ಅದು ಬೇಕಾಗಲಿಲ್ಲ. ವಿಂಡೋಸ್ ಪಾರ್ಟಿಷನ್ನನ್ನು ಓದಲು ಮಾತ್ರ ಎಂಬ ಷರತ್ತಿನಲ್ಲಿ ತೆರೆದು ಧ್ವನಿಮುದ್ರಣಗಳ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲಿಸಿದೆ. ಕಪ್ಪೆಯ ಕೂಗನ್ನು ಅದರ ಕಂಪನ, ಅವಧಿಗಳಿಂದ ಗುರುತಿಸುವುದರಿಂದ ಮೇಷ್ಟ್ರು ಧ್ವನಿಯನ್ನು ಕುಗ್ಗಿಸದೆ ವೇವ್ ರೂಪದಲ್ಲೇ ಇಡುತ್ತಾರೆ. ಸಿಡಿ ಗುಣಮಟ್ಟದಲ್ಲಿ ಒಂದು ನಿಮಿಷಕ್ಕೆ ಸುಮಾರು 10 ಎಂಬಿ. ನಕಲು ನಿಧಾನವಾಗಿ ಸಾಗಿತು. ಮುಗಿದ ಮೇಲೆ ಅಲ್ಲೊಂದು ಇಲ್ಲೊಂದು ತೆರೆದು ಕೇಳಿಸಿದೆ. ಮೇಷ್ಟ್ರು ಕುರ್ಚಿಗೆ ಒರಗಿ, "ಇನ್ನು ನೀವು ಏನು ಬೇಕಾದ್ರೂ ಮಾಡಿ" ಎಂದರು.

ಬೀಗದ ಮಾತೂ ಹೇಳಬೇಕು. ಹಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಬಿಟ್‌ಲಾಕರ್ ಬೀಗದಲ್ಲಿರುತ್ತದೆ. ವಿಂಡೋಸ್ 11ರ 2024ರ ಆವೃತ್ತಿಯನ್ನು ಹೊಸದಾಗಿ ಹಾಕಿದರೆ ಇದು ಇನ್ನೂ ಸಾಮಾನ್ಯ. ಅಂಥ ಡಿಸ್ಕನ್ನು ಹೊರಗಿನಿಂದ ತೆರೆಯಲು 48 ಅಂಕಿಗಳ ಕೀಲಿ ಬೇಕು. ಅದು ಒಡೆಯರ ಮೈಕ್ರೋಸಾಫ್ಟ್ ಖಾತೆಯಲ್ಲಿರುವುದು ವಾಡಿಕೆ. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಕಾಗದದಲ್ಲಿ ಬರೆದಿಡುವುದು ಒಳ್ಳೆಯದು. ಮೇಷ್ಟ್ರದು ಹಳೆಯ ಯಂತ್ರ, ಬೀಗವಿರಲಿಲ್ಲ.

ದುರಸ್ತಿ

ಮತ್ತೆ ಕಪ್ಪು ಕಿಟಕಿಗೆ. ಮೊದಲು ಚೆಕ್‌ಡಿಸ್ಕ್, ಅದೂ ಯಾವ ಸೂಚನೆಯನ್ನೂ ಸೇರಿಸದೆ. ಹಾಗೆ ಓಡಿಸಿದರೆ ಅದು ನೋಡಿ ವರದಿ ಮಾಡುತ್ತದೆ, ಏನನ್ನೂ ಬದಲಿಸುವುದಿಲ್ಲ. ಸಣ್ಣಪುಟ್ಟ ಲೆಕ್ಕದ ವ್ಯತ್ಯಾಸ ಕಂಡ ಮೇಲೆ ಸರಿಪಡಿಸುವ ಸೂಚನೆ ಸೇರಿಸಿ ಓಡಿಸಿದೆ. ಫೈಲ್ ವ್ಯವಸ್ಥೆ ನೆಟ್ಟಗಾಯಿತು.

ಆಮೇಲೆ ಎಸ್‌ಎಫ್‌ಸಿ. ವಿಂಡೋಸಿನ ಸಿಸ್ಟಂ ಫೈಲುಗಳನ್ನು ಒಂದೊಂದಾಗಿ ಪರಿಶೀಲಿಸುವ ಸಾಧನವಿದು. ಹೆಸರು, ಗಾತ್ರಗಳನ್ನು ನಂಬದೆ ಒಳಗಿನ ಒಂದೊಂದು ಬೈಟಿನಿಂದ ಲೆಕ್ಕಹಾಕಿದ ಮುದ್ರೆಯನ್ನು ಹೋಲಿಸುತ್ತದೆ. ಚೇತರಿಕೆಯ ಕೋಣೆಯಿಂದ ಓಡಿಸುವಾಗ, ಮಲಗಿರುವ ವಿಂಡೋಸ್ ಯಾವ ಡ್ರೈವಿನಲ್ಲಿದೆ ಎಂದು ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಅದು ಬೇರೆಲ್ಲೋ ನೋಡುತ್ತದೆ. ಉತ್ತರ ಬಂತು: ಬಾಕಿಯಿರುವ ಒಂದು ಕೆಲಸ ಮುಗಿಯದೆ ಪರಿಶೀಲನೆ ಸಾಧ್ಯವಿಲ್ಲ.

ಬಾಕಿ ಕೆಲಸವೆಂದರೆ ಆ ರಾತ್ರಿಯ ಅಪ್‌ಡೇಟ್. ಅರ್ಧ ಬದಲಾಗಿ ಅರ್ಧ ಉಳಿದ ಸ್ಥಿತಿ. ಇದಕ್ಕೆ ಡಿಸ್ಮ್ ಎಂಬ ಇನ್ನೊಂದು ಸಾಧನದಲ್ಲಿ ಬಾಕಿ ಕೆಲಸಗಳನ್ನು ಹಿಂದಕ್ಕೆ ಪಡೆಯುವ ಆಜ್ಞೆಯಿದೆ. ಏಳದೆ ಮಲಗಿದ ವಿಂಡೋಸಿಗೆಂದೇ ಮಾಡಿದ್ದು. ಅದನ್ನು ಕೊಟ್ಟು, ಕಾದು, ಮತ್ತೆ ಎಸ್‌ಎಫ್‌ಸಿ ಓಡಿಸಿದೆ. ಈ ಸಲ ಪರಿಶೀಲನೆ ಪೂರ್ತಿಯಾಯಿತು. ಕೆಟ್ಟ ಫೈಲುಗಳು ಸಿಕ್ಕಿವೆ, ಕೆಲವನ್ನು ಸರಿಪಡಿಸಲಾಗಲಿಲ್ಲ ಎಂಬ ಉತ್ತರ.

ಸರಿಪಡಿಸಲಾಗದ್ದೇಕೆ? ಎಸ್‌ಎಫ್‌ಸಿ ಒಳ್ಳೆಯ ಪ್ರತಿಯನ್ನು ತರುವುದು ವಿಂಡೋಸ್ ತನ್ನಲ್ಲೇ ಇಟ್ಟುಕೊಂಡ ಉಗ್ರಾಣದಿಂದ. ಆದರೆ ಉಗ್ರಾಣದ ಫೈಲೂ ಸಿಸ್ಟಂ ಫೋಲ್ಡರಿನ ಫೈಲೂ ಬಹುಮಟ್ಟಿಗೆ ಎರಡಲ್ಲ. ಮನೆಯಲ್ಲಿ ಪುಟ್ಟ, ಶಾಲೆಯ ಹಾಜರಿಯಲ್ಲಿ ಪುಟ್ಟಸ್ವಾಮಿ ಎಂಬಂತೆ ಹೆಸರು ಎರಡು, ಆಸಾಮಿ ಒಬ್ಬನೇ. ಜಾಗ ಉಳಿಸಲು ಮಾಡಿದ ಏರ್ಪಾಡಿದು. ಹಾಗಾಗಿ ಇತ್ತ ಕೆಟ್ಟರೆ ಅತ್ತಲೂ ಕೆಟ್ಟಿರುತ್ತದೆ. ಆಗ ಒಳ್ಳೆಯ ಪ್ರತಿ ಹೊರಗಿನಿಂದ ಬರಬೇಕು.

ಹೊರಗಿನ ಮೂಲವೆಂದರೆ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್. ಮೈಕ್ರೋಸಾಫ್ಟಿನ ಉಚಿತ ಸಾಧನದಿಂದ ಯಾವ ಒಳ್ಳೆಯ ಕಂಪ್ಯೂಟರಿನಲ್ಲೂ ಮಾಡಿಕೊಳ್ಳಬಹುದು, 8 ಜಿಬಿ ಸಾಕು. ಆವೃತ್ತಿ ಮಾತ್ರ ಮಲಗಿರುವ ವಿಂಡೋಸಿಗೆ ಹೊಂದಬೇಕು. ಹೋಮ್, ಪ್ರೊ ಮುಂತಾದವು ಒಂದೇ ದೊಡ್ಡ ಫೈಲಿನೊಳಗೆ ಸಂಖ್ಯೆವಾರು ಕೂತಿರುತ್ತವೆ, ನಮ್ಮದರ ಸಂಖ್ಯೆ ನೋಡಿ ಹೇಳಬೇಕು. ತಾತ್ಕಾಲಿಕ ಫೈಲುಗಳಿಗೆ ದೊಡ್ಡ ಡ್ರೈವಿನಲ್ಲಿ ಒಂದು ಖಾಲಿ ಫೋಲ್ಡರನ್ನೂ ತೋರಿಸಬೇಕು. ರ್‍ಯಾಮಿನೊಳಗಿನ ಪುಟ್ಟ ವಿಂಡೋಸಿನಲ್ಲಿ ಅಷ್ಟು ಜಾಗವಿಲ್ಲ. ಇಷ್ಟನ್ನೂ ಸೇರಿಸಿ ಡಿಸ್ಮ್‌ಗೆ ಆಜ್ಞೆ ಕೊಟ್ಟೆ.

ಕಾದದ್ದು

ಶೇಕಡಾವಾರು ಅಂಕಿ ಏರತೊಡಗಿತು. ಇಪ್ಪತ್ತು, ನಲವತ್ತು, ಅರವತ್ತರ ಆಸುಪಾಸು. ಅಲ್ಲಿ ನಿಂತಿತು.

ಡಿಸ್ಮ್ ಹೀಗೆ ನಡುವೆ ನಿಲ್ಲುವುದು ಬಲ್ಲವರಿಗೆ ಗೊತ್ತು. ಒಳಗೆ ಕೆಲಸ ನಡೆಯುತ್ತಿರುತ್ತದೆ, ಅಂಕಿ ಕದಲುವುದಿಲ್ಲ. ಪೆನ್‌ಡ್ರೈವಿನ ಪುಟ್ಟ ದೀಪ ಮಿಣುಕುತ್ತಿದ್ದರೆ ಓದು ಸಾಗಿದೆ ಎಂದರ್ಥ. ಎಷ್ಟೋ ಯಂತ್ರಗಳು ಮೊದಲ ಪೆಟ್ಟಿನಿಂದಲ್ಲ, ಈ ಹೊತ್ತಿನಲ್ಲಿ ಬೇಸತ್ತು ಒತ್ತಿದ ಗುಂಡಿಯಿಂದ ಹಾಳಾಗುತ್ತವೆ. ಮೇಷ್ಟ್ರು ಬಲ್ಬಿನ ಕಡೆ ನೋಡುತ್ತಿದ್ದರು. ಅದಕ್ಕೂ ಮೊದಲೇ ಪಕ್ಕದ ಮನೆಯ ಇನ್ವರ್ಟರಿನಿಂದ ವೈರು ಎಳೆದು ಚಾರ್ಜರನ್ನು ಅದಕ್ಕೆ ಹಾಕಿಕೊಂಡಿದ್ದೆವು.

ಕತ್ತಲಾಗುತ್ತಿದ್ದಂತೆ ಹಳ್ಳದ ಕಡೆಯಿಂದ ಮೇಳ ಶುರುವಾಯಿತು. ಹಸಿರು ಹಾರುಗಪ್ಪೆಗಳು ನೀರಿನ ಮೇಲೆ ಬಾಗಿದ ಎಲೆಗಳಿಗೆ ನೊರೆಗೂಡು ಕಟ್ಟುವ ಕಾಲವಿದು. ಮೇಷ್ಟ್ರು ಇಳಿದು ಹೋದರು, ನಾನು ಕಿಟಕಿಯಿಂದ ಕೇಳುತ್ತಿದ್ದೆ. ಅವರ ಹೆಜ್ಜೆ ಹತ್ತಿರವಾದಂತೆ ಆ ಕಡೆಯ ಕೂಗು ಆರಿತು. ಟಾರ್ಚ್ ಆರಿಸಿ ನಿಂತ ಮೇಲೆ ಒಂದು, ಇನ್ನೊಂದು, ಆಮೇಲೆ ಪೂರ್ತಿ. ಕಪ್ಪೆ ಮೌನವಾದರೆ ಹೋಯಿತೆಂದಲ್ಲ. ನಿಂತ ಅಂಕಿಯೂ ಹಾಗೆಯೇ. ಮೇಷ್ಟ್ರು ಮರಳಿ ಬರುವಾಗ ಪರದೆಯಲ್ಲಿ ನೂರು ತೋರಿಸುತ್ತಿತ್ತು. ಮತ್ತೊಮ್ಮೆ ಎಸ್‌ಎಫ್‌ಸಿ ಓಡಿಸಿದಾಗ ಯಾವ ಫೈಲೂ ಕೆಟ್ಟಿಲ್ಲ ಎಂಬ ವರದಿ ಬಂತು. ಪೆನ್‌ಡ್ರೈವ್ ಕಿತ್ತು ಯಂತ್ರವನ್ನು ಎಬ್ಬಿಸಿದೆ. ಲಾಂಛನ, ಚುಕ್ಕೆಗಳು, ಲಾಗಿನ್ ಪರದೆ.

ಮೂಲ

ಎದ್ದ ಯಂತ್ರದಲ್ಲಿ ನೋಡಬೇಕಾದದ್ದು ಇನ್ನೂ ಇತ್ತು. ವಿಂಡೋಸಿನದೇ ಮೆಮೊರಿ ಪರೀಕ್ಷೆ ಓಡಿಸಿದೆ. ರ್‍ಯಾಮ್ ಕೆಟ್ಟಿದ್ದರೆ ಅದರ ಮೂಲಕ ಹಾದುಹೋಗುವ ಒಳ್ಳೆಯ ಫೈಲುಗಳೂ ಕೆಡುತ್ತಾ ಹೋಗುತ್ತವೆ, ಎಷ್ಟು ದುರಸ್ತಿ ಮಾಡಿದರೂ ನಿಲ್ಲುವುದಿಲ್ಲ. ದೋಷವಿರಲಿಲ್ಲ. ಡಿಸ್ಕ್ ಸರಿಯಿದೆ, ರ್‍ಯಾಮ್ ಸರಿಯಿದೆ, ತೇವದ ಕುರುಹಿಲ್ಲ, ಇರುವೆಯಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಉಳಿದದ್ದು ಎರಡು ಸಾಲು: ವೈರು ಕಿತ್ತರೆ ಆರುತ್ತದೆ, ಹೇಳದೆ ಆರಿದ ಲೆಕ್ಕ ದೊಡ್ಡದು.

ಲ್ಯಾಪ್‌ಟಾಪಿಗೆ ಹುಟ್ಟಿನಿಂದಲೇ ಒಂದು ರಕ್ಷಣೆಯಿದೆ. ಕರೆಂಟು ಕಣ್ಣುಮಿಟುಕಿಸಿದರೆ ಬ್ಯಾಟರಿ ನಡುವೆ ನಿಂತು ತಡೆದುಕೊಳ್ಳುತ್ತದೆ, ಯಂತ್ರಕ್ಕೆ ಗೊತ್ತೂ ಆಗುವುದಿಲ್ಲ. ಬ್ಯಾಟರಿ ಸತ್ತ ಮೇಲೂ ವೈರು ಚುಚ್ಚಿದರೆ ಯಂತ್ರ ನಡೆಯುವುದರಿಂದ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಊರಿನ ಲೈನು ನೆಟ್ಟಗಿರುವಲ್ಲಿ ಅದು ನಡೆದೀತು. ಇಲ್ಲಿ ಗಾಳಿಗೆ ಒರಗಿದ ಒಂದೊಂದು ಕೊಂಬೆಯೂ ನೇರ ಡಿಸ್ಕಿನ ಮೇಲೆ ಬಿದ್ದಂತೆ. ಬಹಳ ಸಲ ಆ ಕ್ಷಣದಲ್ಲಿ ಮುಖ್ಯವಾದ ಬರವಣಿಗೆ ನಡೆಯುತ್ತಿರಲಿಲ್ಲ, ಬಚಾವಾಯಿತು. ಅಪ್‌ಡೇಟಿನ ರಾತ್ರಿ ಬಚಾವಾಗಲಿಲ್ಲ.

ಅಂಗಡಿಯವರು ಹೇಳಿದಂತೆ ಫಾರ್ಮ್ಯಾಟ್ ಹೊಡೆದಿದ್ದರೂ ಲ್ಯಾಪ್‌ಟಾಪ್ ಏಳುತ್ತಿತ್ತು. ಕೂಗುಗಳು ಹೋಗುತ್ತಿದ್ದವು ಎಂಬುದು ಒಂದು ನಷ್ಟ. ಇನ್ನೊಂದು, ಅದೇ ಮೇಜಿಗೆ, ಅದೇ ಸತ್ತ ಬ್ಯಾಟರಿಯೊಡನೆ, ಅದೇ ಲೈನಿಗೆ ಮರಳಿ, ಇನ್ನೊಂದು ಮಳೆಗಾಲದಲ್ಲಿ ಮತ್ತೆ ಬೀಳುತ್ತಿತ್ತು. ಕಪ್ಪೆಗಳು ಕಡಿಮೆಯಾದರೆ ಮೇಷ್ಟ್ರು ಮೊದಲು ನೋಡುವುದು ಹಳ್ಳದ ನೀರನ್ನು, ಬದಿಯ ಗಿಡಗಳನ್ನು, ಮೇಲಿನ ತೋಟಕ್ಕೆ ಏನು ಸಿಂಪಡಿಸಿದರು ಎಂಬುದನ್ನು. ಮೇಜಿನ ಮೇಲಿನ ಯಂತ್ರಕ್ಕೂ ಅದೇ ವಿಚಾರಣೆ ಸಲ್ಲುತ್ತದೆ. ಕೆಟ್ಟ ಫೈಲು ಸಿಕ್ಕಿದ್ದು ಡಿಸ್ಕಿನಲ್ಲಿ, ಅದು ಕೆಟ್ಟದ್ದು ನೆಲೆಯಿಂದ.

ಮೇಷ್ಟ್ರು ಶಿವಮೊಗ್ಗದಿಂದ ಹೊಸ ಬ್ಯಾಟರಿ ತರಿಸಿದರು. ಅಪ್‌ಡೇಟ್ ಈಗ ಹಗಲಿನಲ್ಲಿ, ಬ್ಯಾಟರಿ ತುಂಬಿದ ಮೇಲೆ ಮಾತ್ರ. ಕೂಗುಗಳ ಪ್ರತಿ ಎರಡು ಕಡೆ: ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೆಂಗಳೂರಿನ ಮಗಳ ಮನೆಯಲ್ಲಿ. ಕಪ್ಪೆಗಳ ಪುಸ್ತಕದಲ್ಲಿ ಮಳೆಯ ಅಳತೆಯ ಪಕ್ಕಕ್ಕೆ ಹೊಸ ಕಾಲಂ ಬಂದಿದೆ. ಪ್ರತಿ ತಿಂಗಳೂ ಡಿಸ್ಕಿನ ದಾಖಲೆ ತೆರೆದು, ಹೇಳದೆ ಆರಿದ ಲೆಕ್ಕವನ್ನು ಅದರಲ್ಲಿ ಬರೆಯುತ್ತಾರೆ. ಹೊಸ ಬ್ಯಾಟರಿ ಬಂದ ಮೇಲೆ ಆ ಅಂಕಿ ಇದ್ದಲ್ಲೇ ಇದೆ. ಕರೆಂಟು ಹೋಗುವುದು ಮಾತ್ರ ಕಡಿಮೆಯಾಗಿಲ್ಲ.